ಉತ್ತರದ ಕಾಡಿನಲ್ಲಿ ಜೀವಿಗಳ ಮಾತುಕತೆ ಸೆರೆಹಿಡಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಉತ್ತರದ ಕಾಡು ಎಂದರೆ ಮುಖ್ಯವಾಗಿ ಫಿನ್ಲೆಂಡಿನ ಪೂರ್ವ ಗಡಿಯ ಕುಹ್ಮೊ, ಸುವೊಮುಸ್ಸಾಲ್ಮಿ, ಕೂಸಾಮೊ ಸುತ್ತಲಿನ ಪೈನ್, ಸ್ಪ್ರೂಸ್, ಬರ್ಚ್ ಮರಗಳ ಕಾಡು. ಸ್ವೀಡನ್ನಿನ ಉತ್ತರ ಭಾಗಕ್ಕೂ ಹೆಚ್ಚಿನ ಉತ್ತರಗಳು ಹೊಂದುತ್ತವೆ.

ಮಾತುಕತೆಯ ಫೋಟೊ ಸಾಮಾನ್ಯ ವನ್ಯಜೀವಿ ಫೋಟೊಗಿಂತ ಹೇಗೆ ಬೇರೆ?

ಚೌಕಟ್ಟಿನೊಳಗೆ ಇಬ್ಬರಿರಬೇಕು: ಸುದ್ದಿ ಕಳಿಸಿದವರು ಒಬ್ಬರು, ಅದು ಮುಟ್ಟಿದವರು ಇನ್ನೊಬ್ಬರು. ಇಬ್ಬರನ್ನೂ ಒಟ್ಟಿಗೆ ಹಿಡಿಯಲಾಗದಿದ್ದರೆ ನಡುವೆ ಉಳಿದ ಗುರುತಾದರೂ ಕಾಣಬೇಕು. ಕರಡಿ ಬೆನ್ನುಜ್ಜಿದ ಮರ, ಹಿಮದ ಮೇಲಿನ ಹೆಜ್ಜೆ, ಇರುವೆಗಳ ದಾರಿ ಇಂಥವು. ಕೊಕ್ಕು ತೆರೆದ ಹಕ್ಕಿಯ ಮುಖವನ್ನು 600 ಎಂಎಂ ಲೆನ್ಸಿನಲ್ಲಿ ತುಂಬಿಸಿದರೆ ಚಂದದ ಫೋಟೊ ಸಿಗುತ್ತದೆ, ಆದರೆ ಅದು ಯಾರಿಗೆ ಕೂಗಿತು ಎಂಬುದು ಹೊರಗೇ ಉಳಿಯುತ್ತದೆ.

ಹಾಗಾಗಿ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು 70-200 ಅಥವಾ 100-400 ಎಂಎಂ ಜೂಮ್. ಇದರ ಮೊದಲ ತೊಡಕು ಫೋಕಸ್ಸಿನ ಆಳ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 400 ಎಂಎಂ, 30 ಮೀಟರ್ ದೂರ, ಎಫ್/5.6 (ಲೆನ್ಸಿನ ತೆರವಿನ ಅಳತೆ, ಅಂಕಿ ದೊಡ್ಡದಾದಷ್ಟೂ ತೆರವು ಕಿರಿದು) ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 1.9 ಮೀಟರ್. ಎಫ್/11ಕ್ಕೆ ಹೋದರೆ ಸುಮಾರು 3.7 ಮೀಟರ್. ನಸುಕಿನ ಬೆಳಕಿನಲ್ಲಿ ಎಫ್/11 ಕನಸಿನ ಮಾತು. ಆಗ ಎರಡೂ ಪ್ರಾಣಿಗಳು ನಿಮ್ಮಿಂದ ಒಂದೇ ದೂರಕ್ಕೆ ಬರುವವರೆಗೆ ಕಾಯಬೇಕು, ಇಲ್ಲವೇ ಹೈಡಿನ (ಪ್ರಾಣಿಗಳಿಗೆ ಕಾಣದಂತೆ ಕೂತು ಚಿತ್ರ ತೆಗೆಯುವ ಮರೆಗೂಡಿನ) ಯಾವ ಕಿಂಡಿಯಿಂದ ಅವು ಅಕ್ಕಪಕ್ಕ ಕಾಣುತ್ತವೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಕಾಯಲು ಆಗದಿದ್ದರೆ ಕೇಳಿಸಿಕೊಳ್ಳುವ ಪ್ರಾಣಿಗೆ ಫೋಕಸ್ ಕೊಡಿ. ಕೂಗುವ ಪ್ರಾಣಿ ಮಸುಕಾದರೂ ಅದರ ಭಂಗಿಯಿಂದಲೇ ಗೊತ್ತಾಗುತ್ತದೆ, ಕೇಳುವ ಪ್ರಾಣಿಯ ಕಣ್ಣು ಮಸುಕಾದರೆ ಕತೆ ಹೋಯಿತು.

ಯಾವ ತಿಂಗಳು ಹೋಗಬೇಕು?

ಏನು ಬೇಕು ಎಂಬುದರ ಮೇಲೆ. ಗ್ರೌಸ್ ಹಕ್ಕಿಗಳ ಕುಣಿತಕ್ಕೆ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರಗಳು. ಕರಡಿಗೆ ಜೂನ್, ಜುಲೈ. ರಾತ್ರಿಯಿಡೀ ಒಂದಿಷ್ಟು ಬೆಳಕಿರುತ್ತದೆ. ಅಣಬೆ, ಎಲೆಗಳ ಬಣ್ಣ ಎರಡೂ ಬೇಕಾದರೆ ಸೆಪ್ಟೆಂಬರ್. ಹಿಮದಲ್ಲಿ ಸೈಬೀರಿಯನ್ ಜೇ ಹಕ್ಕಿಗೆ ಫೆಬ್ರುವರಿ, ಮಾರ್ಚ್. ಡಿಸೆಂಬರಿನಲ್ಲಿ ಕೂಸಾಮೊದಲ್ಲಿ ಹಗಲೆಂಬುದು ಮೂರು ನಾಲ್ಕು ಗಂಟೆ ಮಾತ್ರ, ಮೊದಲ ಸಲ ಹೋಗುವವರಿಗೆ ಬೇಡ.

ಬ್ಲ್ಯಾಕ್ ಗ್ರೌಸ್ ಕುಣಿತದಲ್ಲಿ ಎಲ್ಲಿ, ಯಾವಾಗ ಕೂರಬೇಕು?

ಗಂಡುಗಳು ಬಯಲಾದ ಜೌಗು ಅಥವಾ ಹೆಪ್ಪುಗಟ್ಟಿದ ಕೆರೆಯ ಮೇಲೆ ಸೇರುತ್ತವೆ. ಇಂಥ ಕುಣಿತದ ಕಣಕ್ಕೆ ಲೆಕ್ ಎಂದು ಹೆಸರು, ವರ್ಷ ವರ್ಷವೂ ಅದೇ ಜಾಗ. ಹಕ್ಕಿಗಳು ಬರುವುದು ಇನ್ನೂ ಕತ್ತಲಿರುವಾಗ, ಸೂರ್ಯ ಹುಟ್ಟಲು ಒಂದು ಗಂಟೆಗೂ ಮೊದಲು. ನೀವು ಅದಕ್ಕಿಂತ ಮುಂಚೆ ಹೈಡಿನಲ್ಲಿ ಇರಬೇಕು, ಹಿಂದಿನ ಸಂಜೆಯೇ ಹೋಗಿ ಮಲಗುವುದು ಇನ್ನೂ ಒಳ್ಳೆಯದು. ಕೊನೆಯ ಹಕ್ಕಿ ಹಾರಿಹೋಗುವವರೆಗೆ ಹೊರಬರಬಾರದು. ನಡುವೆ ಎದ್ದು ಹೋದರೆ ಆ ಬೆಳಗಿನ ಕೂಟ ಮುರಿಯುತ್ತದೆ. ಹೆಣ್ಣುಗಳು ಬಂದು ಗಂಡನ್ನು ಆರಿಸಿಕೊಳ್ಳುವುದು ವಸಂತದ ಕೆಲವೇ ದಿನಗಳಲ್ಲಿ, ನೀವು ಕೆಡಿಸಿದ್ದು ಅಂಥದೊಂದು ದಿನವೇ ಆಗಿರಬಹುದು.

ಇಲ್ಲಿ ಶಬ್ದವನ್ನೇ ಕಣ್ಣಿಗೆ ಕಾಣಿಸುವ ಒಂದು ದಾರಿ ಇದೆ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಕೂಗುವ ಹಕ್ಕಿಯ ಬಾಯಿಂದ ಉಸಿರು ಹಬೆಯಾಗಿ ಬರುತ್ತದೆ. ಸೂರ್ಯ ಹಕ್ಕಿಯ ಹಿಂದಿರಬೇಕು, ಹಿನ್ನೆಲೆಗೆ ನೆರಳಿನಲ್ಲಿರುವ ಕಾಡಂಚು ಬೇಕು. ಎಕ್ಸ್‌ಪೋಷರ್ ಒಂದು ಸ್ಟಾಪ್ ಕಡಿಮೆ (ಅಂದರೆ ಅರ್ಧ ಬೆಳಕು), ಶಟರ್ 1/1000 ಸೆಕೆಂಡು. ಹಿನ್ನೆಲೆಯಲ್ಲಿ ಆಕಾಶ ಅಥವಾ ಬಿಸಿಲು ಬಿದ್ದ ಹಿಮ ಬಂದರೆ ಹಬೆ ಮಾಯ. ಗಾಳಿ ಇದ್ದರೂ ಅಷ್ಟೇ. ಹಬೆ ಮೂಡುವುದು ಕೊಕ್ಕು ತೆರೆದು ಬುಸ್ಸೆನ್ನುವಾಗ. ಗುಳುಗುಳು ಎಂಬ ದೀರ್ಘ ಕೂಗಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಕ್ಯಾಪರ್‌ಕೇಲಿಗೂ ಇದೇ ವಿಧಾನವೇ?

ಅದು ಹಳೆಯ ಪೈನ್ ಕಾಡಿನ ಒಳಗೆ ಕುಣಿಯುವ ಹಕ್ಕಿ, ಬೆಳಕು ಇನ್ನೂ ಕಡಿಮೆ. ಹಿಂದಿನ ಸಂಜೆ ಹೈಡಿಗೆ ಹೋಗುವುದು ಇಲ್ಲಿ ಕಡ್ಡಾಯ ಎಂದೇ ತಿಳಿಯಿರಿ, ಏಕೆಂದರೆ ಗಂಡುಗಳು ಸಂಜೆಯೇ ಹತ್ತಿರದ ಮರಗಳಿಗೆ ಬಂದು ಕೂತಿರುತ್ತವೆ. ಐಎಸ್‌ಒ 6400, ಎಫ್/2.8, 1/125 ಎಂಬ ಲೆಕ್ಕದಿಂದ ಶುರು ಮಾಡಿ.

ಹಾಡಿಗೆ ನಾಲ್ಕು ಹಂತ: ಬಿಡಿಬಿಡಿಯಾದ ಟಕ್ ಟಕ್, ಅದು ವೇಗಗೊಳ್ಳುವುದು, ಬಾಟಲಿಯ ಬಿರಡೆ ಕಿತ್ತಂಥ ಒಂದು ಸದ್ದು, ಆಮೇಲೆ ಕತ್ತಿ ಮಸೆದಂಥ ಸರಸರ. ಕೊನೆಯ ಹಂತದಲ್ಲಿ ಹಕ್ಕಿಗೆ ಹೊರಗಿನ ಸದ್ದು ಹೆಚ್ಚು ಕೇಳಿಸುವುದಿಲ್ಲ. ಹಿಂದೆ ಬೇಟೆಗಾರರು ಆ ಕೆಲವು ಸೆಕೆಂಡುಗಳಲ್ಲೇ ಹೆಜ್ಜೆ ಮುಂದಿಡುತ್ತಿದ್ದರು. ಮೆಕ್ಯಾನಿಕಲ್ ಶಟರ್ ಇರುವ ಕ್ಯಾಮೆರಾ ನಿಮ್ಮದಾದರೆ ಕ್ಲಿಕ್ಕಿಸಲು, ಲೆನ್ಸ್ ತಿರುಗಿಸಲು ಅದೇ ಸಮಯ. ಮಿರರ್‌ಲೆಸ್ ಕ್ಯಾಮೆರಾದ ಮೌನ ಶಟರಿಗೆ ಈ ತೊಂದರೆ ಇಲ್ಲ, ಆದರೆ ಸೆನ್ಸರ್ ನಿಧಾನವಾಗಿ ಓದುವ ಮಾದರಿಗಳಲ್ಲಿ ರೆಕ್ಕೆ ಬಡಿಯುವಾಗ ಗರಿಗಳು ಸೊಟ್ಟಗಾಗುತ್ತವೆ.

ಕರಡಿ ಹೈಡಿನಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಸಂಜೆ ನಾಲ್ಕೈದು ಗಂಟೆಗೆ ಒಳಗೆ ಬಿಡುತ್ತಾರೆ, ಬೆಳಿಗ್ಗೆ ಏಳೆಂಟಕ್ಕೆ ಹೊರಗೆ. ನಡುವೆ ಬಾಗಿಲು ತೆರೆಯುವಂತಿಲ್ಲ. ಮಂಚ, ಒಣ ಶೌಚಾಲಯ, ಬಟ್ಟೆ ಮುಚ್ಚಿದ ಲೆನ್ಸ್ ಕಿಂಡಿಗಳು ಇರುತ್ತವೆ. ಟ್ರೈಪಾಡ್ ಕಾಲುಗಳಿಗೆ ಜಾಗ ಇರುವುದು ಕಡಿಮೆ, ಹಲಗೆಗೆ ಹೆಡ್ ಮಾತ್ರ ಕೂರಿಸುವ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ. ಸರಬರ ಸದ್ದು ಮಾಡುವ ನೈಲಾನ್ ಜಾಕೆಟ್, ಸೆಂಟು, ಘಮಘಮಿಸುವ ಊಟ ಬೇಡ. ಚಿತ್ರ ನೋಡಲು ಹಿಂದಿನ ಪರದೆ ಬೆಳಗಿಸಬೇಡಿ.

ಹೊರಗೆ ಆಹಾರ ಇಟ್ಟಿರುತ್ತಾರೆ, ಇದನ್ನು ಮರೆಯಬಾರದು. ಅಲ್ಲಿ ಕಾಣುವ ಜಗಳ, ಸೋತು ಸರಿಯುವುದು, ದೊಡ್ಡ ಗಂಡು ಬಂದೊಡನೆ ಮರಿಗಳು ಮರ ಹತ್ತುವುದು ಎಲ್ಲವೂ ನಿಜವಾದ ವರ್ತನೆಗಳೇ. ಆದರೆ ಅಷ್ಟು ಕರಡಿಗಳು ಅಷ್ಟು ಹತ್ತಿರ ಸೇರಿದ್ದು ಆಹಾರದ ಕಾರಣಕ್ಕೆ. ಫೋಟೊದ ಕೆಳಗೆ ಅದನ್ನು ಬರೆಯಿರಿ.

ಭಂಗಿ ಓದುವಾಗ ಎಲ್ಲರೂ ಎಡವುವ ಒಂದು ಜಾಗವಿದೆ: ಹಿಂಗಾಲ ಮೇಲೆ ನಿಂತ ಕರಡಿ ಎರಗಲು ನಿಂತದ್ದಲ್ಲ, ದೂರ ನೋಡಲು, ಗಾಳಿಯಲ್ಲಿ ವಾಸನೆ ಹಿಡಿಯಲು ನಿಂತದ್ದು. ಅದಕ್ಕೆ ‘ಕೆರಳಿದ ಕರಡಿ’ ಎಂಬ ಶೀರ್ಷಿಕೆ ಹಾಕಿದ ಚಿತ್ರಗಳು ಬೇಕಾದಷ್ಟಿವೆ.

ಕರಡಿ ಬೆನ್ನುಜ್ಜುವ ಮರಕ್ಕೆ ಕ್ಯಾಮೆರಾ ಟ್ರ್ಯಾಪ್ ಕಟ್ಟುವುದು ಹೇಗೆ?

ಕ್ಯಾಮೆರಾ ಟ್ರ್ಯಾಪ್ ಎಂದರೆ ಪ್ರಾಣಿ ಎದುರು ಬಂದಾಗ ತಾನೇ ಕ್ಲಿಕ್ಕಿಸುವಂತೆ ಕಟ್ಟಿಟ್ಟ ಕ್ಯಾಮೆರಾ. ಮೊದಲು ಜಾಗದ ಒಡೆಯರ ಅನುಮತಿ. ಸರ್ಕಾರಿ ಕಾಡಾದರೆ ಅದನ್ನು ನೋಡಿಕೊಳ್ಳುವುದು ಮೆತ್ಸಾಹಲ್ಲಿತುಸ್ ಎಂಬ ಸಂಸ್ಥೆ. ಜನ ಓಡಾಡುವ ದಾರಿಗೆ ಕ್ಯಾಮೆರಾ ಮುಖ ಮಾಡಬೇಡಿ.

ಮರ ಗುರುತಿಸಲು ತೊಗಟೆ ನೋಡಿ: ಉಜ್ಜಿ ನುಣುಪಾಗಿರುತ್ತದೆ, ಅಂಟಿನಲ್ಲಿ ಕೂದಲು ಸಿಕ್ಕಿಕೊಂಡಿರುತ್ತದೆ, ಬುಡದ ಕಡೆಗೆ ಒಂದೇ ಜಾಗದಲ್ಲಿ ಹೆಜ್ಜೆ ಊರಿದ ಗುಂಡಿಗಳೂ ಇರಬಹುದು. ಕರಡಿ ಅಲ್ಲಿ ಬಿಟ್ಟುಹೋಗುವುದು ವಾಸನೆ. ನಂತರ ಬಂದ ಕರಡಿ ಅದನ್ನು ಮೂಸುವ ಚಿತ್ರ ಸಿಕ್ಕರೆ, ಬೇರೆ ಬೇರೆ ದಿನ ಬಂದ ಇಬ್ಬರ ಸಂಭಾಷಣೆ ಸಿಕ್ಕಂತೆ. ಆದ್ದರಿಂದ ಒಂದೇ ಚೌಕಟ್ಟಿನಲ್ಲಿ ವಾರಗಟ್ಟಲೆ ಬಿಟ್ಟು, ಆಮೇಲೆ ಚಿತ್ರಗಳನ್ನು ಜೋಡಿಯಾಗಿ ತೋರಿಸುವುದು ನಮಗೆ ಸರಿ ಎನಿಸುತ್ತದೆ.

ಕ್ಯಾಮೆರಾ ಮರದಿಂದ 3-4 ಮೀಟರ್, ಸೊಂಟದ ಎತ್ತರ, 24 ಎಂಎಂ ಲೆನ್ಸ್. ಆಟೊಫೋಕಸ್ ತೆಗೆದು, ಮರದ ಮುಂಭಾಗಕ್ಕೆ ಕೈಯಲ್ಲಿ ಫೋಕಸ್ ಮಾಡಿ, ರಿಂಗಿಗೆ ಟೇಪ್ ಸುತ್ತಿ. ಎಫ್/8, 1/200, ಐಎಸ್‌ಒ 800. ಎರಡು ಫ್ಲಾಶ್‌ಗಳು ಎಡಬಲದಲ್ಲಿ 45 ಡಿಗ್ರಿಗೆ, ಕ್ಯಾಮೆರಾಗಿಂತ ಎತ್ತರದಲ್ಲಿ, 1/8ರಿಂದ 1/16 ಶಕ್ತಿಗೆ. ಕ್ಯಾಮೆರಾದ ಪಕ್ಕದಲ್ಲೇ ಫ್ಲಾಶ್ ಇಟ್ಟರೆ ಕಣ್ಣು ಬೆಂಕಿಯಂತೆ ಹೊಳೆಯುತ್ತದೆ, ಬೀಳುವ ಹಿಮವೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಸ್ಟ್ಯಾಂಡ್‌ಬೈನಿಂದ ತಕ್ಷಣ ಏಳುವ ಫ್ಲಾಶ್ ಬೇಕು. ನಿಕಾನ್ ಎಸ್‌ಬಿ-28 ಎಂಬ ಹಳೆಯ ಮಾದರಿಯನ್ನು ಟ್ರ್ಯಾಪ್ ಕಟ್ಟುವವರು ಇಂದಿಗೂ ಹುಡುಕಿ ಕೊಳ್ಳುವುದು ಈ ಗುಣಕ್ಕೇ.

ಕ್ಯಾಮೆರಾವನ್ನು ಕ್ಲಿಕ್ಕಿಸುವ ಪಿಐಆರ್ ಸೆನ್ಸರ್ ಗುರುತಿಸುವುದು ಶಾಖದ ಚಲನೆಯನ್ನು. ಬಿಸಿಲು ಬಿದ್ದ ಕೊಂಬೆ ಅಲ್ಲಾಡಿದರೂ ಕ್ಲಿಕ್ ಆಗುತ್ತದೆ, ಒಂದು ಮಧ್ಯಾಹ್ನದಲ್ಲಿ ಕಾರ್ಡ್ ತುಂಬಿ ಬ್ಯಾಟರಿ ಮುಗಿಯುವುದು ಹೀಗೆ. ಸೆನ್ಸರನ್ನು ಉತ್ತರಕ್ಕೆ ತಿರುಗಿಸಿ, ಮುಂದಿನ ಹುಲ್ಲನ್ನು ಬಗ್ಗಿಸಿಡಿ. ಎಎ ಲಿಥಿಯಂ ಬ್ಯಾಟರಿ ಹಾಕಿ, ಆಲ್ಕಲೈನ್ ಚಳಿಯಲ್ಲಿ ಕೈಕೊಡುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಇರಲಿ. ಊಟ ಮಾಡಿದ ಕೈಯಲ್ಲಿ ಪೆಟ್ಟಿಗೆ ಮುಟ್ಟಬೇಡಿ, ಕರಡಿ ಅಗಿದು ನೋಡುತ್ತದೆ.

ಹಕ್ಕಿಗಳ ಎಚ್ಚರಿಕೆಯ ಕೂಗು ಇಲ್ಲಿಯೂ ಸಹಾಯಕ್ಕೆ ಬರುತ್ತದೆಯೇ?

ಬರುತ್ತದೆ. ಕಬಿನಿ, ನಾಗರಹೊಳೆಯಲ್ಲಿ ಜಿಂಕೆಯೋ ಮುಸಿಯವೋ ಕೂಗಿದರೆ ‘ಕಾಲ್ ಆಗ್ತಿದೆ’ ಎಂದು ಜೀಪು ನಿಲ್ಲಿಸುವುದನ್ನು ನೀವು ಕಂಡಿದ್ದರೆ ಕಿವಿ ಆಗಲೇ ಅರ್ಧ ತಯಾರಾಗಿದೆ. ಉತ್ತರದಲ್ಲಿ ಕೇಳಬೇಕಾದದ್ದು ಸೈಬೀರಿಯನ್ ಜೇ ಹಕ್ಕಿಯನ್ನು. ಚಿಕ್ಕ ಕುಟುಂಬ ಗುಂಪುಗಳಲ್ಲಿ ಬದುಕುವ ಈ ಹಕ್ಕಿ, ಗಿಡುಗ ಸುಮ್ಮನೆ ಕೂತಾಗ, ಬೇಟೆ ಹುಡುಕುತ್ತ ಹಾರುವಾಗ, ಎರಗುವಾಗ ಬೇರೆ ಬೇರೆ ಕೂಗು ಹಾಕುತ್ತದೆ. ಸ್ವೀಡನ್ನಿನ ಉತ್ತರದಲ್ಲಿ ಮೈಕೆಲ್ ಗ್ರೀಸರ್ ಇದನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಕೂಗಿಗೆ ತಕ್ಕಂತೆ ಉಳಿದವು ಅಡಗುತ್ತವೆ ಅಥವಾ ಹುಡುಕಿಕೊಂಡು ಬರುತ್ತವೆ. ನಿಮಗೆ ಬೇಕಾದ ಚಿತ್ರ ಆ ಪ್ರತಿಕ್ರಿಯೆ.

ಮನುಷ್ಯರಿಗೆ ಹೆದರುವ ಹಕ್ಕಿ ಇದಲ್ಲ, ಕ್ಯಾಂಪ್ ಬೆಂಕಿಯ ಹತ್ತಿರ ತಾನೇ ಬರುತ್ತದೆ. 24-35 ಎಂಎಂ ಲೆನ್ಸ್ ಸಾಕು, ಹಾರಾಟಕ್ಕೆ 1/2000. ಹೆಚ್ಚಿನವರು ಸಾಸೇಜ್ ತುಂಡು ಎಸೆಯುತ್ತಾರೆ. ಅದರಲ್ಲಿ ಉಪ್ಪು ಹೆಚ್ಚು, ಬೇಡ. ಕೊಡಲೇಬೇಕೆಂದರೆ ಉಪ್ಪಿಲ್ಲದ ಕೊಬ್ಬಿನ ಚೂರು. ಸಿಕ್ಕಿದ್ದನ್ನು ಎಂಜಲಿನಲ್ಲಿ ಅಂಟಿಸಿ ತೊಗಟೆಯ ಸಂದಿಯಲ್ಲೋ ಮರದ ಕಲ್ಲುಹೂವಿನಲ್ಲೋ ಬಚ್ಚಿಡುವುದು ಅದರ ಅಭ್ಯಾಸ. ತಿನ್ನುವ ಚಿತ್ರಕ್ಕಿಂತ ಬಚ್ಚಿಡುವ ಚಿತ್ರದಲ್ಲಿ ಹಕ್ಕಿಗೂ ಕಾಡಿಗೂ ಇರುವ ನಂಟು ಹೆಚ್ಚು ಕಾಣುತ್ತದೆ.

ಮರಗಳು ಬೇರಿನ ಮೂಲಕ ಮಾತಾಡುತ್ತವೆ ಎನ್ನುತ್ತಾರೆ. ಅದನ್ನು ಚಿತ್ರದಲ್ಲಿ ತೋರಿಸಬಹುದೇ?

ಶಿಲೀಂಧ್ರವೂ ಬೇರೂ ಕೂಡಿರುವುದನ್ನು ತೋರಿಸಬಹುದು. ‘ಮಾತಾಡುವುದನ್ನು’ ತೋರಿಸಲಾಗದು, ಹಾಗೆಂದು ಬರೆಯುವುದೂ ಸದ್ಯಕ್ಕೆ ಸರಿಯಲ್ಲ.

1997ರಲ್ಲಿ ಸುಜಾನ್ ಸಿಮಾರ್ಡ್ ಮತ್ತು ಜೊತೆಗಾರರು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕಾಡಿನಲ್ಲಿ ಇಂಗಾಲದ ಗುರುತು ಹಿಡಿಯಬಹುದಾದ ರೂಪಗಳಾದ ಕಾರ್ಬನ್-13, ಕಾರ್ಬನ್-14 ಬಳಸಿ, ಪೇಪರ್ ಬರ್ಚ್ ಮತ್ತು ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ಎರಡೂ ಕಡೆ ಸಾಗುತ್ತದೆ ಎಂದು ತೋರಿಸಿದರು. ಅಲ್ಲಿಂದ ‘ತಾಯಿಮರ ಮಕ್ಕಳಿಗೆ ಉಣಿಸುತ್ತದೆ’ ಎಂಬವರೆಗೆ ಕತೆ ಬೆಳೆಯಿತು. 2023ರಲ್ಲಿ ಜಸ್ಟಿನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಲಭ್ಯ ಅಧ್ಯಯನಗಳನ್ನೆಲ್ಲ ಸೋಸಿ ನೋಡಿದರು. ದೊಡ್ಡ ಮರಗಳು ತಮ್ಮ ಸಂತಾನಕ್ಕೇ ಆಯ್ದು ಆಹಾರ, ಎಚ್ಚರಿಕೆ ಕಳಿಸುತ್ತವೆ ಎಂಬುದಕ್ಕೆ ಕಾಡಿನಲ್ಲಿ ನಡೆದ ಪ್ರಯೋಗದ ಆಧಾರ ಇಲ್ಲ ಎಂದರು. ಶಿಲೀಂಧ್ರ ಮರಕ್ಕೆ ನೀರು, ಖನಿಜ ತಂದುಕೊಟ್ಟು ಸಕ್ಕರೆ ಪಡೆಯುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಶೀರ್ಷಿಕೆಗೆ ಅಷ್ಟು ಸಾಲದೇ?

ಚಿತ್ರಕ್ಕೆ ಸುಲಭದ ದಾರಿ ಜೋಡಿ ಹುಡುಕುವುದು. ಕೆಲವು ಅಣಬೆಗಳಿಗೆ ಗೊತ್ತಾದ ಮರಗಳಿವೆ: ಸುಯಿಲಸ್ ಲೂಟಿಯಸ್ ಪೈನ್ ಬುಡದಲ್ಲಿ, ಲೆಕ್ಸಿನಮ್ ಜಾತಿಯ ಹಲವು ಅಣಬೆಗಳು ಬರ್ಚ್ ಬುಡದಲ್ಲಿ, ಲ್ಯಾಕ್ಟೇರಿಯಸ್ ಡೆಟೆರಿಮಸ್ ಸ್ಪ್ರೂಸ್ ಕೆಳಗೆ. ಬಿಳಿ ಚುಕ್ಕೆಯ ಕೆಂಪು ಅಮಾನಿಟಾ ಮಸ್ಕೇರಿಯಾ ಹಲವು ಮರಗಳ ಜೊತೆ ಬೆಳೆಯುತ್ತದೆ, ನೋಡಲು ಮೋಹಕ, ವಿಷ. ಅಗಲ ಲೆನ್ಸನ್ನು ನೆಲಕ್ಕೆ ತಾಗಿಸಿ, ಅಣಬೆ ಮುಂದೆ, ಅದರ ಮರ ತುದಿಯವರೆಗೆ ಹಿಂದೆ ಬರುವಂತೆ ತೆಗೆಯಿರಿ. ಮಲೆನಾಡಿನಲ್ಲಿ ಹುತ್ತದ ಮೇಲೆ ಏಳುವ ಅಣಬೆ ನೋಡಿ ಬೆಳೆದವರು ಒಂದು ವ್ಯತ್ಯಾಸ ನೆನಪಿಡಬೇಕು: ಅದರ ಕೊಡುಕೊಳ್ಳುವಿಕೆ ಗೆದ್ದಲಿನೊಂದಿಗೆ, ಇವುಗಳದ್ದು ಬೇರಿನೊಂದಿಗೆ.

ನೆಲ ಅಗೆದು ಶಿಲೀಂಧ್ರದ ಎಳೆಗಳನ್ನು ತೆಗೆಯಬಹುದೇ?

ಫಿನ್ಲೆಂಡಿನಲ್ಲಿ ಯಾರ ಕಾಡಿನಲ್ಲಾದರೂ ನಡೆಯುವ, ಅಣಬೆ, ಹಣ್ಣು ಕೀಳುವ ಹಕ್ಕು ಎಲ್ಲರಿಗೂ ಇದೆ. ಮಣ್ಣು, ಪಾಚಿ, ಕಲ್ಲುಹೂವು, ಮರ ತೆಗೆಯುವ ಹಕ್ಕು ಅದರಲ್ಲಿ ಸೇರಿಲ್ಲ. ಅಗೆಯಬೇಡಿ. ಗಾಳಿಗೆ ಬುಡಮೇಲಾದ ಮರದ ಬೇರುಗಳಲ್ಲಿ, ಕೊಳೆತ ದಿಮ್ಮಿಯ ಅಡಿಯಲ್ಲಿ ಬಿಳಿ ಎಳೆಗಳು ತೆರೆದೇ ಇರುತ್ತವೆ. ಒಂದು ಎಚ್ಚರ: ದಿಮ್ಮಿಯಲ್ಲಿರುವುದು ಹೆಚ್ಚಾಗಿ ಮರ ಕೊಳೆಸುವ ಶಿಲೀಂಧ್ರ, ಬೇರಿನ ಜೊತೆಗಾರ ಆಗಿರಲಿಕ್ಕಿಲ್ಲ. ಎರಡನ್ನೂ ಒಂದೇ ಎಂದು ಬರೆಯಬೇಡಿ.

ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಬೇಕು, ಅಂದರೆ ಫೋಕಸ್ಸನ್ನು ಸ್ವಲ್ಪ ಸ್ವಲ್ಪವೇ ಸರಿಸಿ ತೆಗೆದ ಹಲವು ಫ್ರೇಮುಗಳನ್ನು ಸಾಫ್ಟ್‌ವೇರಿನಲ್ಲಿ ಒಂದಾಗಿ ಸೇರಿಸುವುದು. 1:1 ಅಳತೆಯಲ್ಲಿ (ವಸ್ತು ಇದ್ದಷ್ಟೇ ದೊಡ್ಡದಾಗಿ ಸೆನ್ಸರಿನ ಮೇಲೆ ಮೂಡಿದಾಗ) ಎಫ್/5.6 ಇಟ್ಟರೆ ಒಂದು ಫ್ರೇಮಿನಲ್ಲಿ ಸ್ಪಷ್ಟವಿರುವುದು ಸುಮಾರು 0.67 ಮಿಲಿಮೀಟರ್. ಪದರಗಳು ಒಂದರ ಮೇಲೊಂದು ಬರಲು 0.4 ಮಿಲಿಮೀಟರ್ ಹೆಜ್ಜೆ ಇಡಿ. 12 ಮಿಲಿಮೀಟರ್ ಆಳಕ್ಕೆ 30 ಫ್ರೇಮ್. ಎಳೆಗಳು ಉಸಿರಿಗೂ ಅಲ್ಲಾಡುತ್ತವೆ, ಎರಡು ಸೆಕೆಂಡಿನ ಟೈಮರ್ ಹಾಕಿ ಮುಖ ತಿರುಗಿಸಿಕೊಳ್ಳಿ. ನಡುವೆ ನೀರಿನ ಹನಿ ಜಾರಿದರೆ ಮೊದಲಿನಿಂದ ಶುರು ಮಾಡುವುದೇ ಲೇಸು, ಸಾಫ್ಟ್‌ವೇರ್ ಅದನ್ನು ಸರಿಮಾಡದು.

ಕಲ್ಲುಹೂವು ಈ ವಿಷಯಕ್ಕೆ ಹೊಂದುತ್ತದೆಯೇ?

ಅದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ಶಿಲೀಂಧ್ರವೂ ಪಾಚಿಯೂ (ಆಲ್ಗೆ) ಕೂಡಿ ಒಂದು ದೇಹವಾದದ್ದು ಎಂದು 1867ರಲ್ಲೇ ಸೈಮನ್ ಶ್ವೆಂಡನರ್ ಹೇಳಿದ್ದರು. 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ತಂಡ ಕೆಲವು ಕಲ್ಲುಹೂವುಗಳಲ್ಲಿ ಯೀಸ್ಟ್ ಕೂಡ ಸೇರಿರುವುದನ್ನು ಕಂಡಿತು. ಸ್ಪ್ರೂಸ್ ಕೊಂಬೆಗಳಿಂದ ಜಡೆಯಂತೆ ಇಳಿಬೀಳುವ ಬ್ರಯೋರಿಯಾ ಹಳೆಯ ಕಾಡಿನಲ್ಲಿ ಸಿಗುತ್ತದೆ. ಒಣಗಿದಾಗ ಕಪ್ಪು ಕೂದಲ ಗಂಟಿನಂತೆ ಸಪ್ಪೆ; ಮಂಜಿನ ಬೆಳಿಗ್ಗೆ, ಹಿಂದಿನಿಂದ ಬೆಳಕು ಬಂದಾಗ ತೆಗೆಯಿರಿ.

ಇರುವೆಗಳ ಸಂವಹನ?

ಫಾರ್ಮಿಕಾ ಜಾತಿಯ ಇರುವೆಗಳು ಸ್ಪ್ರೂಸ್ ಎಲೆಸೂಜಿಗಳಿಂದ ಗುಡ್ಡೆ ಕಟ್ಟುತ್ತವೆ, ಒಂದು ಮೀಟರಿಗಿಂತ ಎತ್ತರದವೂ ಇವೆ. ಹಿಮ ಕರಗುವಾಗ ಗುಡ್ಡೆಯ ಮೇಲೆ ಗುಂಪಾಗಿ ಬಿಸಿಲು ಕಾಯಿಸುತ್ತವೆ, ಆಗ ನಿಧಾನವಾಗಿರುತ್ತವೆ. ಒಂದು ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಆಹಾರ ಕೊಡುವ ಚಿತ್ರಕ್ಕೆ 100 ಎಂಎಂ ಮ್ಯಾಕ್ರೊ, ಎಫ್/11, ಮೃದು ಮಾಡಿದ ಫ್ಲಾಶ್. 1:1ರಲ್ಲಿ ಆಗಲೂ ಸಿಗುವ ಆಳ ಒಂದೂಕಾಲು ಮಿಲಿಮೀಟರಿನ ಆಸುಪಾಸು, ಆದ್ದರಿಂದ ಎರಡೂ ಇರುವೆಗಳ ಮೈ ಸೆನ್ಸರಿಗೆ ಸಮಾನಾಂತರವಾಗಿರಬೇಕು. ಫಾರ್ಮಿಕ್ ಆಮ್ಲ ಚಿಮ್ಮಿಸುವ ಚಿತ್ರ ಜನಪ್ರಿಯ, ಆದರೆ ಅದಕ್ಕಾಗಿ ಗುಡ್ಡೆ ಕೆದಕುವುದು ಗೂಡಿಗೆ ನಷ್ಟ, ನಿಮ್ಮ ಕಣ್ಣಿಗೆ ಉರಿ.

ಪ್ರಾಣಿಗಳಿಗೆ ಕಾಣುವ, ನಮಗೆ ಕಾಣದ ಬೆಳಕಿನಲ್ಲಿ ಫೋಟೊ ತೆಗೆಯಬಹುದೇ?

ಹಿಮಸಾರಂಗ ಅತಿನೇರಳೆ ಬೆಳಕನ್ನು ಗ್ರಹಿಸುತ್ತದೆ ಎಂದು 2011ರಲ್ಲಿ ತಿಳಿದುಬಂತು. ಹಿಮ ಆ ಬೆಳಕನ್ನು ಪ್ರತಿಫಲಿಸುತ್ತದೆ. ಕಲ್ಲುಹೂವು, ಮೂತ್ರ ಹೀರಿಕೊಂಡು ಕಪ್ಪಾಗಿ ಕಾಣುತ್ತವೆ. ಅಂದರೆ ಆಹಾರವೂ, ಇನ್ನೊಂದು ಪ್ರಾಣಿ ಹೋದ ಗುರುತೂ ಬಿಳಿಯ ಮೇಲೆ ಎದ್ದು ಕಾಣಬಹುದು.

ಇದಕ್ಕೆ ಸೆನ್ಸರಿನ ಮುಂದಿನ ಫಿಲ್ಟರ್ ತೆಗೆಸಿದ ಕ್ಯಾಮೆರಾ, ಅತಿನೇರಳೆಯನ್ನು ಮಾತ್ರ ಬಿಡುವ, ಬಾಡರ್ ಕಂಪನಿಯ ಯು-ಫಿಲ್ಟರಿನಂಥದ್ದು, ಮತ್ತು ಆ ಬೆಳಕನ್ನು ಒಳಬಿಡುವ ಲೆನ್ಸ್ ಬೇಕು. ಆಧುನಿಕ ಲೆನ್ಸಿನ ಲೇಪನ ಅದನ್ನು ತಡೆಯುತ್ತದೆ. ಡಾರ್ಕ್‌ರೂಮಿನಲ್ಲಿ ಬಳಸುತ್ತಿದ್ದ ಹಳೆಯ ಇಎಲ್-ನಿಕ್ಕಾರ್ 80 ಎಂಎಂ ಎಫ್/5.6 ಇದಕ್ಕೆ ಹೆಸರಾಗಿದೆ. ಬಿಸಿಲಲ್ಲೂ ಎಕ್ಸ್‌ಪೋಷರ್ ಸೆಕೆಂಡುಗಟ್ಟಲೆ ಬೇಕಾಗಬಹುದು, ಹಾಗಾಗಿ ಓಡಾಡುವ ಪ್ರಾಣಿಗೆ ಆಗದು, ಗುರುತುಗಳಿಗೆ ಸರಿ. ಫೋಕಸ್ ಕೂಡ ಸರಿಯುತ್ತದೆ, ಫಿಲ್ಟರ್ ಹಾಕಿದ ಮೇಲೆಯೇ ಲೈವ್‌ವ್ಯೂನಲ್ಲಿ ಸರಿಮಾಡಿ. ಫೈಲಿನಲ್ಲಿ ಬರುವ ಬಣ್ಣ ಸೆನ್ಸರಿನದು, ಸಾರಂಗದ ಕಣ್ಣಿನದಲ್ಲ. ಕಪ್ಪು-ಬಿಳುಪಿಗೆ ತಿರುಗಿಸುವುದು ಪ್ರಾಮಾಣಿಕ.

ಮೈನಸ್ 20ರಲ್ಲಿ ಕ್ಯಾಮೆರಾಗೆ ಏನಾಗುತ್ತದೆ?

ಬ್ಯಾಟರಿ ಬೇಗ ಇಳಿಯುತ್ತದೆ. ಮೂರು ಇಟ್ಟುಕೊಂಡು ಎರಡನ್ನು ಒಳಜೇಬಿನಲ್ಲಿ ಬೆಚ್ಚಗಿಡಿ, ‘ಖಾಲಿ’ ಎಂದದ್ದು ಬೆಚ್ಚಗಾದ ಮೇಲೆ ಮತ್ತೆ ಸ್ವಲ್ಪ ನಡೆಯುತ್ತದೆ. ಹೆಚ್ಚು ಹಾನಿ ಆಗುವುದು ಕೋಣೆಗೆ ಮರಳಿದಾಗ: ತಣ್ಣನೆಯ ಲೆನ್ಸಿನ ಮೇಲೆ, ಒಳಗೂ, ನೀರು ಕಟ್ಟುತ್ತದೆ. ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಒಳತಂದು ಎರಡು ಮೂರು ಗಂಟೆ ತೆರೆಯಬೇಡಿ. ಮೆಮೊರಿ ಕಾರ್ಡನ್ನು ಹೊರಗೇ ತೆಗೆದುಕೊಂಡರೆ ಆ ಹೊತ್ತಿನಲ್ಲಿ ಚಿತ್ರ ನೋಡಬಹುದು. ಹಿಮ ತುಂಬಿದ ದೃಶ್ಯಕ್ಕೆ +1ರಿಂದ +1.7 ಎಕ್ಸ್‌ಪೋಷರ್, ಇಲ್ಲದಿದ್ದರೆ ಹಿಮ ಬೂದುಬಣ್ಣಕ್ಕೆ ತಿರುಗುತ್ತದೆ.

ಸೊಳ್ಳೆ?

ಜೂನ್ ಕೊನೆ, ಜುಲೈನಲ್ಲಿ ವಿಪರೀತ. ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ದ್ರಾವಣ ಪ್ಲಾಸ್ಟಿಕ್, ರಬ್ಬರನ್ನು ಕರಗಿಸುತ್ತದೆ, ಹಚ್ಚಿದ ಕೈಯಲ್ಲಿ ಕ್ಯಾಮೆರಾ ಮುಟ್ಟಬೇಡಿ. ತಲೆಗೆ ಬಲೆ ಹಾಕಿಕೊಳ್ಳುವುದೇ ಸರಿ.

ಫೋಟೊದ ಜೊತೆ ಧ್ವನಿ ಮುದ್ರಿಸಬೇಕೇ?

ಮುದ್ರಿಸಿದರೆ ಕೆಲಸಕ್ಕೆ ತೂಕ ಬರುತ್ತದೆ. 48 ಕಿಲೊಹರ್ಟ್ಸ್, 24 ಬಿಟ್, ಗಾಳಿ ತಡೆಯುವ ತುಪ್ಪಳದ ಹೊದಿಕೆ. ರೆಕಾರ್ಡರ್ ಮತ್ತು ಕ್ಯಾಮೆರಾದ ಗಡಿಯಾರವನ್ನು ಹೊರಡುವ ಮೊದಲೇ ಒಂದು ಮಾಡಿ, ಆಗ ಯಾವ ಕೂಗಿಗೆ ಯಾವ ಚಿತ್ರ ಎಂದು ಆಮೇಲೆ ಪರದಾಡಬೇಕಿಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್ (ಧ್ವನಿಯ ಏರಿಳಿತ ತೋರಿಸುವ ನಕ್ಷೆ) ತೆಗೆದು ಚಿತ್ರದ ಪಕ್ಕ ಮುದ್ರಿಸಬಹುದು.

ಮುದ್ರಿತ ಕೂಗು ಹಾಕಿ ಹಕ್ಕಿ ಕರೆಯಬಹುದೇ?

ಬೇಡ. ಗೂಡಿನ ಕಾಲದಲ್ಲಿ ಎದುರಾಳಿ ಬಂದನೆಂದು ಹಕ್ಕಿ ಮೊಟ್ಟೆ ಬಿಟ್ಟು ಹುಡುಕಾಡುತ್ತದೆ. ಅಲ್ಲದೆ ನಿಮ್ಮ ಫೋನಿಗೆ ಹಕ್ಕಿ ಕೊಟ್ಟ ಉತ್ತರವನ್ನು ಕಾಡಿನ ಮಾತುಕತೆ ಎಂದು ತೋರಿಸುವುದು ಸುಳ್ಳು.

ಡ್ರೋನ್?

ಕ್ಯಾಮೆರಾ ಇರುವ ಡ್ರೋನಿಗೆ ಐರೋಪ್ಯ ಒಕ್ಕೂಟದಲ್ಲಿ ಹಾರಿಸುವವರ ನೋಂದಣಿ ಬೇಕು, ಸಂರಕ್ಷಿತ ಪ್ರದೇಶಗಳಿಗೆ ಅವುಗಳದ್ದೇ ನಿರ್ಬಂಧಗಳಿವೆ. ಈ ವಿಷಯಕ್ಕಂತೂ ಅದರ ಸದ್ದೇ ತೊಂದರೆ.

ಚಿತ್ರ ಹಂಚುವ ಮುನ್ನ ಏನು ನೋಡಿಕೊಳ್ಳಬೇಕು?

ಫೈಲಿನಲ್ಲಿರುವ ಜಿಪಿಎಸ್ ಮಾಹಿತಿ ಅಳಿಸಿ. ಕ್ಯಾಪರ್‌ಕೇಲಿ ಲೆಕ್, ಗೂಬೆಯ ಗೂಡು, ಕರಡಿಯ ಗುಹೆ ಇವುಗಳ ಜಾಗವನ್ನು ಜಿಲ್ಲೆಯ ಮಟ್ಟಕ್ಕಿಂತ ನಿಖರವಾಗಿ ಬರೆಯಬೇಡಿ. ಹಿನ್ನೆಲೆಯಲ್ಲಿ ಗುರುತು ಸಿಗುವ ಬೆಟ್ಟ, ಕೆರೆಯ ದಂಡೆ, ದಾರಿಫಲಕ ಇದ್ದರೆ ಆ ಚೌಕಟ್ಟನ್ನು ಬಿಟ್ಟು ಬೇರೆಯದನ್ನು ಆರಿಸಿ. ಲೆಕ್ ವರ್ಷ ವರ್ಷವೂ ಅಲ್ಲಿಯೇ ಇರುವುದರಿಂದ ಹಳೆಯ ಚಿತ್ರಗಳಿಗೂ ಇದು ಅನ್ವಯಿಸುತ್ತದೆ.